ಮೂರು ವರ್ಷಕ್ಕೆಂದು ಕಟ್ಟಿದ ಒಡಲು

ಚೆನ್ನೈನ ಕಾಸಿಮೇಡು ಕಡಲಂಚಿನಲ್ಲಿ ಬೆಳಗಿನ ಹೊತ್ತು ನಡೆಯುವಾಗ ನನ್ನ ಕಣ್ಣು ಮೊದಲು ಹುಡುಕುವುದು ಮೀನನ್ನಲ್ಲ, ದೋಣಿಗಳ ಅಡಿಯನ್ನು. ಈಗ ಎಲ್ಲೆಲ್ಲೂ ಫೈಬರ್ ದೋಣಿಗಳೇ. ಅದಕ್ಕೂ ಮೊದಲು ಈ ತೀರವನ್ನು ಆಳಿದ್ದು ಕಟ್ಟುಮರ. ಕಟ್ಟು ಮತ್ತು ಮರ, ಎರಡೂ ನಮ್ಮ ಮಾತೇ. ನಾಲ್ಕಾರು ದಿಮ್ಮಿಗಳನ್ನು ಹಗ್ಗದಿಂದ ಬಿಗಿದರೆ ಮುಗಿಯಿತು, ಮುಳುಗುವ ಮಾತೇ ಇಲ್ಲ. ಜಗತ್ತಿನ ನೌಕಾನಿಘಂಟುಗಳಿಗೆಲ್ಲ ಸೇರಿದ ಕ್ಯಾಟಮರಾನ್ ಎಂಬ ಪದ ಹುಟ್ಟಿದ್ದು ಇಲ್ಲಿಂದ. ಅದರ ಜೊತೆಗೆ ಮಸುಲಾ ದೋಣಿಯೂ ಇತ್ತು. 1875ರಲ್ಲಿ ಬಂದರಿನ ಕೆಲಸ ಶುರುವಾಗುವವರೆಗೆ ಮದ್ರಾಸಿಗೆ ಸರಿಯಾದ ರೇವೇ ಇರಲಿಲ್ಲ. ದೂರದಲ್ಲಿ ಲಂಗರು ಹಾಕಿದ ಹಡಗಿನಿಂದ ಜನ, ಸಾಮಾನು ಎಲ್ಲವೂ ಅಲೆ ಸೀಳಿಕೊಂಡು ದಡ ಸೇರುತ್ತಿದ್ದುದು ಮಸುಲಾದಲ್ಲಿ. ಅದರ ಹಲಗೆಗಳಿಗೆ ಮೊಳೆ ಇಲ್ಲ, ತೆಂಗಿನ ನಾರಿನ ಹೊಲಿಗೆ. ಅಲೆಯ ಪೆಟ್ಟಿಗೆ ಮೊಳೆ ಹೊಡೆದ ದೋಣಿ ಒಡೆದೀತು, ಹೊಲಿದ ದೋಣಿ ಬಾಗಿ ಉಳಿದೀತು. ಒಡಲನ್ನು ಓದಲು ಬಂದರೆ ಆ ಹಡಗು ಯಾವ ಕಡಲಿಗೆ, ಯಾವ ಕೆಲಸಕ್ಕೆ, ಯಾವ ಅವಸರದಲ್ಲಿ ಹುಟ್ಟಿತು ಎಂಬುದೆಲ್ಲ ತಿಳಿಯುತ್ತದೆ.

ವಿಮಾನವಾಹಕ ನೌಕೆಯನ್ನೂ ನಾನು ಹೀಗೆಯೇ ನೋಡುತ್ತೇನೆ. ಬಂದವರೆಲ್ಲ ಮೇಲಿನ ಡೆಕ್ಕನ್ನೂ ಅದರ ಮೇಲಿನ ವಿಮಾನಗಳನ್ನೂ ನೋಡುತ್ತಾರೆ. ಆದರೆ ಕಥೆ ಇರುವುದು ಕೆಳಗೆ.

ನೂರು ವರ್ಷಗಳ ಹಿಂದೆ ಇಂಥ ಹಡಗಿನ ಒಡಲು ಹೇಗಿರಬೇಕೆಂದು ಯಾರಿಗೂ ಗೊತ್ತಿರಲಿಲ್ಲ. ಆದ್ದರಿಂದ ಮೊದಲ ತಲೆಮಾರಿನವು ಎರವಲು ಒಡಲುಗಳು. 1918ರಲ್ಲಿ ಬ್ರಿಟನ್ ಸಿದ್ಧಪಡಿಸಿದ ಆರ್ಗಸ್, ಇಟಲಿಗಾಗಿ ಕಟ್ಟುತ್ತಿದ್ದ ಪ್ರಯಾಣಿಕರ ಹಡಗು. 1922ರಲ್ಲಿ ಸೇವೆಗೆ ಬಂದ ಅಮೆರಿಕದ ಲ್ಯಾಂಗ್ಲಿ, ಕಲ್ಲಿದ್ದಲು ಹೊರುತ್ತಿದ್ದ ಜುಪಿಟರ್. ಅದೇ ವರ್ಷದ ವಾಷಿಂಗ್ಟನ್ ಒಪ್ಪಂದ ದೊಡ್ಡ ಯುದ್ಧನೌಕೆಗಳಿಗೆ ಮಿತಿ ಹಾಕಿದಾಗ, ಅರ್ಧಕ್ಕೆ ನಿಂತ ಬ್ಯಾಟಲ್ ಕ್ರೂಸರ್‌ಗಳ ಒಡಲಿನಿಂದಲೇ ಅಮೆರಿಕದ ಲೆಕ್ಸಿಂಗ್ಟನ್, ಸರಟೋಗಾ ಮತ್ತು ಜಪಾನಿನ ಅಕಾಗಿ ಎದ್ದವು.

ಎರವಲಿನಲ್ಲಿ ತೊಡಕು ಹಲವು. ವಿಮಾನ ಏರಲು ಎದುರುಗಾಳಿ ಬೇಕು. ಗಾಳಿ ಬೀಸದಿದ್ದರೆ ಹಡಗು ತಾನೇ ಓಡಿ ಅದನ್ನು ಹುಟ್ಟಿಸಬೇಕು, ಅದಕ್ಕೆ ಒಡಲು ಉದ್ದವಾಗಿ ಸಪೂರವಾಗಿರಬೇಕು. ಆದರೆ ವಿಮಾನಗಳು ತಂಗುವ ಹ್ಯಾಂಗರ್, ಅದರ ಮೇಲೆ ಹಾರಾಟದ ಡೆಕ್ ಎಂದು ಭಾರವೆಲ್ಲ ಎತ್ತರಕ್ಕೆ ಹೋಗುತ್ತದೆ, ಹಡಗು ತೂಗಾಡದಿರಲು ಒಡಲು ಅಗಲವಾಗಿರಬೇಕು. ಹೊಗೆ ಕೊಳವೆ ಡೆಕ್ಕಿನ ನಡುವೆ ನಿಂತರೆ ದಾರಿ ಅಡ್ಡ, ಬಲಬದಿಗೆ ಸರಿಸಿದರೆ ತೂಕ ಒಂದೇ ಕಡೆ ವಾಲುತ್ತದೆ. ಇವೆಲ್ಲವನ್ನೂ ಮೊದಲ ಗೆರೆಯಿಂದಲೇ ಲೆಕ್ಕ ಹಾಕಿ ವಿಮಾನಕ್ಕೆಂದೇ ರೂಪಿಸಿದ ಹಡಗು ಬ್ರಿಟನ್ನಿನ ಹರ್ಮಿಸ್. 1918ರ ಜನವರಿಯಲ್ಲಿ ಅದರ ಕೀಲ್, ಅಂದರೆ ಅಡಿಯ ಬೆನ್ನೆಲುಬು, ಇಟ್ಟರು. ಕೆಲಸ ನಿಧಾನವಾಗಿ ಸಾಗಿದ್ದರಿಂದ 1922ರ ಡಿಸೆಂಬರಿನಲ್ಲಿ ಜಪಾನಿನ ಹೋಶೋ ಮೊದಲು ಮುಗಿಯಿತು.

ಎರವಲಿನದು, ವಿಮಾನಕ್ಕೆಂದೇ ಕಟ್ಟಿದ್ದು, ಈ ಎರಡು ಬಗೆಯ ಒಡಲುಗಳೂ ಎರಡನೇ ಮಹಾಯುದ್ಧದ ನಡುವೆ, 1942ರ ಏಪ್ರಿಲ್‌ನಲ್ಲಿ ನಮ್ಮ ನೆರೆಯ ಕಡಲಿಗೇ ಬಂದವು. ಅಕಾಗಿಯ ನೇತೃತ್ವದ ಐದು ಜಪಾನಿ ವಾಹಕಗಳು 5ರಂದು ಕೊಲಂಬೊ ಮೇಲೆ ಎರಗಿದವು. ಮರುದಿನ ಇನ್ನೊಂದು ತಂಡದ ರ್‍ಯೂಜೋ ವಿಮಾನಗಳು ವಿಶಾಖಪಟ್ಟಣ ಮತ್ತು ಕಾಕಿನಾಡದ ಮೇಲೆ ಬಾಂಬ್ ಹಾಕಿದವು. ಮದ್ರಾಸು ನಡುಗಿತು. ಸರಕಾರವೇ ಜನರಿಗೆ ಊರು ಬಿಡಲು ಹೇಳಿತು. ಹೈಕೋರ್ಟ್ ಕೊಯಮತ್ತೂರಿಗೆ ಹೋಯಿತು. ಬಾಂಬ್ ಬಿದ್ದು ಪಂಜರ ಒಡೆದರೆ ಗತಿಯೇನೆಂದು ಪೀಪಲ್ಸ್ ಪಾರ್ಕಿನ ಮೃಗಾಲಯದಲ್ಲಿದ್ದ ಸಿಂಹ, ಹುಲಿ, ಚಿರತೆಗಳನ್ನು ಗುಂಡಿಟ್ಟು ಕೊಂದರು. ದಿಗಂತದಲ್ಲಿ ಕಾಣದಿದ್ದ ಹಡಗುಗಳ ಭಯಕ್ಕೆ ಒಂದು ಮಹಾನಗರ ಖಾಲಿಯಾಯಿತು. 9ರಂದು, ಒಂದೂ ವಿಮಾನ ಹೊತ್ತಿರದ ಹರ್ಮಿಸ್ ಶ್ರೀಲಂಕಾದ ಬಟ್ಟಿಕಲೋವಾ ಬಳಿ ಜಪಾನಿ ಬಾಂಬುಗಳಿಗೆ ಸಿಕ್ಕಿ ಮುಳುಗಿತು. ಮುನ್ನೂರಕ್ಕೂ ಹೆಚ್ಚು ಮಂದಿ ಸತ್ತರು. ವಿಮಾನಕ್ಕೆಂದೇ ರೂಪುಗೊಂಡ ಆ ಮೊದಲ ಒಡಲು ಇಂದಿಗೂ ಸುಮಾರು 50 ಮೀಟರ್ ಆಳದಲ್ಲಿ ಮಲಗಿದೆ. ನೀರೊಳಗೆ ಇಳಿಯಬಲ್ಲ ಮುಳುಗುಗಾರರು ಹೋಗಿ ನೋಡಿ ಬರುತ್ತಾರೆ.

ಅದೇ 1942ರಲ್ಲಿ ಬ್ರಿಟನ್ನಿಗೆ ವಾಹಕಗಳ ಕೊರತೆ ಕಾಡಿತು. ದೊಡ್ಡವನ್ನು ಕಟ್ಟಿ ಮುಗಿಸಲು ವರ್ಷಗಳು ಬೇಕು, ಯುದ್ಧ ಕಾಯುವುದಿಲ್ಲ. ವಿಕರ್ಸ್ ಕಂಪನಿಯ ವಿನ್ಯಾಸಕಾರರು ಒಂದು ಉಪಾಯ ಹೂಡಿದರು. ಒಡಲನ್ನು ವ್ಯಾಪಾರಿ ಹಡಗುಗಳ ಲಾಯ್ಡ್ಸ್ ಮಾನದಂಡಕ್ಕೆ ತಕ್ಕಂತೆ ಕಟ್ಟಿದರೆ ಯುದ್ಧನೌಕೆ ಕಟ್ಟಿ ಗೊತ್ತಿಲ್ಲದ ಕಾರ್ಖಾನೆಯೂ ಕೈಹಾಕಬಹುದು. ರಕ್ಷಾಕವಚ ಬಿಟ್ಟರು. ಬಾಯ್ಲರ್, ಟರ್ಬೈನುಗಳನ್ನು ಎರಡು ತಂಡ ಮಾಡಿ, ಒಂದನ್ನು ಮುಂದಕ್ಕೂ ಇನ್ನೊಂದನ್ನು ಹಿಂದಕ್ಕೂ ಓರೆಯಾಗಿ ಇಟ್ಟರು. ಒಂದೇ ಟಾರ್ಪೀಡೊ ಎರಡನ್ನೂ ನಿಲ್ಲಿಸಬಾರದು. ಮೂರು ವರ್ಷ ಬಾಳಿದರೆ ಸಾಕು ಎಂಬುದು ಆಗಿನ ಎಣಿಕೆ.

ಆ ಸಾಲಿನ ಹರ್ಕ್ಯುಲಿಸ್ ಟೈನ್ ನದಿಯಲ್ಲಿ ನೀರಿಗಿಳಿದದ್ದು 1945ರ ಸೆಪ್ಟೆಂಬರ್ 22ರಂದು. ಜಪಾನ್ ಶರಣಾಗತಿಗೆ ಸಹಿ ಹಾಕಿ ಇಪ್ಪತ್ತು ದಿನ ಕಳೆದಿತ್ತು. ಅರ್ಧಕ್ಕೆ ನಿಂತಿದ್ದ ಆ ಹಡಗನ್ನು 1957ರಲ್ಲಿ ಭಾರತ ಕೊಂಡಿತು. ಬೆಲ್‌ಫಾಸ್ಟಿನ ಹಾರ್ಲಂಡ್ ಆಂಡ್ ವುಲ್ಫ್ ಕಾರ್ಖಾನೆಯಲ್ಲಿ ಓರೆ ಡೆಕ್ಕು, ವಿಮಾನವನ್ನು ಚಿಮ್ಮಿಸುವ ಉಗಿ ಕ್ಯಾಟಪಲ್ಟ್ ಪಡೆದು, 1961ರ ಮಾರ್ಚ್ 4ರಂದು ಭಾರತದ ಹೈಕಮಿಷನರ್ ವಿಜಯಲಕ್ಷ್ಮಿ ಪಂಡಿತರ ಸಮ್ಮುಖದಲ್ಲಿ ಅದು ಐಎನ್‌ಎಸ್ ವಿಕ್ರಾಂತ್ ಆಯಿತು.

1971ರಲ್ಲಿ, ಪಾಕಿಸ್ತಾನದೊಂದಿಗಿನ ಯುದ್ಧದ ಹೊತ್ತಿಗೆ, ಅದರ ನಾಲ್ಕು ಬಾಯ್ಲರುಗಳಲ್ಲಿ ಒಂದಕ್ಕೆ ಬಿರುಕು. ಪೂರ್ತಿ ವೇಗ ಸಿಗುತ್ತಿರಲಿಲ್ಲ. ಅದೇ ಸ್ಥಿತಿಯಲ್ಲಿ ಮುಂಬೈ ಬಿಟ್ಟು ಪೂರ್ವ ತೀರಕ್ಕೆ ಬಂದು, ಮದ್ರಾಸಿನ ಆಚೆಯ ಕಡಲಿನಲ್ಲಿ ತಾಲೀಮು ನಡೆಸಿ, ಕೊನೆಗೆ ಅಂಡಮಾನಿನಲ್ಲಿ ಅಡಗಿ ನಿಂತಿತು. ಅದನ್ನು ಬೇಟೆಯಾಡಲು ಬಂದ ಪಾಕಿಸ್ತಾನದ ಜಲಾಂತರ್ಗಾಮಿ ಘಾಜಿ ವಿಶಾಖಪಟ್ಟಣದ ಎದುರು ಮುಳುಗಿತು. ಡಿಸೆಂಬರ್ 4ರಂದು ವಿಕ್ರಾಂತ್‌ನ ಸೀ ಹಾಕ್ ವಿಮಾನಗಳು ಪೂರ್ವ ಪಾಕಿಸ್ತಾನದ ಕಾಕ್ಸ್ ಬಜಾರ್ ಮೇಲೆ ಎರಗಿದವು. 1942ರಲ್ಲಿ ಪರರ ವಾಹಕಗಳಿಗೆ ಹೆದರಿ ಖಾಲಿಯಾದ ಊರಿನ ಕಡಲಿನಲ್ಲಿ 29 ವರ್ಷಗಳ ನಂತರ ನಮ್ಮದೇ ವಾಹಕ ಯುದ್ಧಕ್ಕೆ ಸಜ್ಜಾಯಿತು. ಈ ಮಾತು ನೆನೆದಾಗಲೆಲ್ಲ ನನ್ನ ಮೈ ನವಿರೇಳುತ್ತದೆ.

ಮೂರು ವರ್ಷಕ್ಕೆಂದು ಕಟ್ಟಿದ ಒಡಲು 36 ವರ್ಷ ದುಡಿದು 1997ರ ಜನವರಿ 31ರಂದು ನಿವೃತ್ತವಾಯಿತು. ಮುಂಬೈಯಲ್ಲಿ ವಸ್ತುಸಂಗ್ರಹಾಲಯವಾಗಿ ನಿಂತಿದ್ದಾಗ ನಾನು ಅದನ್ನು ಹತ್ತಿದ್ದೇನೆ. ಹ್ಯಾಂಗರಿನೊಳಗೆ ನಿಂತು ತಲೆಯೆತ್ತಿ ನೋಡಿದರೆ ಪಕ್ಕೆಲುಬುಗಳ ಸಾಲು, ಹಳೆಯ ಎಣ್ಣೆಯ ವಾಸನೆ, ಕಾಲಡಿಯಲ್ಲಿ ನೀರು ಒಡಲಿಗೆ ತಾಕುವ ಮೆಲ್ಲನೆಯ ಸದ್ದು. ಯಾವ ಮಾದರಿಯೂ ಯಾವ ಚಿತ್ರವೂ ಆ ಅಳತೆಯನ್ನು ಕೊಡಲಾರದು. ಹಡಗು ಸುರಕ್ಷಿತವಲ್ಲವೆಂದು 2012ರಲ್ಲಿ ಬಾಗಿಲು ಮುಚ್ಚಿತು. 2014ರಲ್ಲಿ ಸುಮಾರು 60 ಕೋಟಿ ರೂಪಾಯಿಗೆ ಗುಜರಿಗೆ ಹೋಗಿ, ಮುಂಬೈಯದೇ ದಾರೂಖಾನಾದಲ್ಲಿ ತುಂಡಾಯಿತು. ಅದರ ಉಕ್ಕು ಸೇರಿದ ಮೋಟಾರ್ ಸೈಕಲ್ಲುಗಳು ರಸ್ತೆಗೆ ಬಂದವು.

ಅದರ ಒಡಹುಟ್ಟಿದ ಕೆಲವದರ ಕಥೆಯೂ ನಮ್ಮ ತೀರದಲ್ಲೇ ಮುಗಿದಿತ್ತು. ಬ್ರೆಜಿಲ್ಲಿನ ಮಿನಾಸ್ ಜೆರೈಸ್, ಅರ್ಜೆಂಟೀನಾದ ವೆಂಟಿಸಿಂಕೊ ಡಿ ಮಾಯೊ, ಎರಡೂ ಅದೇ ವಿನ್ಯಾಸದ ಮಕ್ಕಳು, ಎರಡೂ ಗುಜರಾತಿನ ಅಲಂಗ್‌ನಲ್ಲಿ ತುಂಡಾದವು. 2020ರ ಸೆಪ್ಟೆಂಬರಿನಲ್ಲಿ ನಮ್ಮ ಇನ್ನೊಂದು ವಾಹಕ ವಿರಾಟ್ ಕೂಡ ಅಲ್ಲಿಗೇ ಹೋಯಿತು. ವಿರಾಟ್‌ನ ಹಿಂದಿನ ಹೆಸರೂ ಹರ್ಮಿಸ್ ಎಂಬುದನ್ನು ಓದುಗರು ನೆನಪಿಡಬೇಕು. ಒಂದು ಹರ್ಮಿಸ್ ಲಂಕೆಯ ಕಡಲಡಿ ಉಳಿದಿದೆ, ಇನ್ನೊಂದು ನಮ್ಮ ದಡದಲ್ಲಿ ಉಳಿಯಲಿಲ್ಲ. ಬ್ರಿಟನ್ ಕೂಡ ತಾನು ಕಟ್ಟಿದ ಒಂದೇ ಒಂದು ವಾಹಕವನ್ನೂ ಸಂಗ್ರಹಾಲಯವಾಗಿ ಉಳಿಸಿಕೊಂಡಿಲ್ಲ.

ಅಮೆರಿಕ ಐದನ್ನು ಉಳಿಸಿದೆ: ಯಾರ್ಕ್‌ಟೌನ್, ಇಂಟ್ರೆಪಿಡ್, ಲೆಕ್ಸಿಂಗ್ಟನ್ (ಮೇಲೆ ಹೇಳಿದ್ದಲ್ಲ, ಅದೇ ಹೆಸರಿನ ಇನ್ನೊಂದು), ಹಾರ್ನೆಟ್, ಮಿಡ್‌ವೇ. ಅದು ಸುಲಭದ ಕೆಲಸವಲ್ಲ. 2006ರ ನವೆಂಬರಿನಲ್ಲಿ ದುರಸ್ತಿಗೆಂದು ನ್ಯೂಯಾರ್ಕಿನ ಇಂಟ್ರೆಪಿಡನ್ನು ಎಳೆಯಲು ಹೋದಾಗ ಅದು ಹಡ್ಸನ್ ನದಿಯ ಕೆಸರಿನಲ್ಲಿ ಹೂತು ಅಲುಗಲಿಲ್ಲ. ಕೆಸರು ತೆಗೆದು ಡಿಸೆಂಬರಿನಲ್ಲಿ ಎಳೆದರು, ಒಡಲನ್ನು ದುರಸ್ತಿ ಮಾಡಿ 2008ರಲ್ಲಿ ಮತ್ತೆ ತೆರೆದರು. ಉಪ್ಪುನೀರಿನಲ್ಲಿ ನಿಂತ ಉಕ್ಕು ಸುಮ್ಮನೆ ನಿಲ್ಲುವುದಿಲ್ಲ, ದಿನದಿನವೂ ಕರಗುತ್ತದೆ. ಡೆಕ್ಕಿಗೆ ಬಣ್ಣ ಬಳಿದು ಟಿಕೆಟ್ ಮಾರಿದರೆ ಸಾಲದು. ಕೆಲವು ವರ್ಷಕ್ಕೊಮ್ಮೆ ಡ್ರೈಡಾಕಿಗೆ ಏರಿಸುವ ಹಣವನ್ನು ಮೊದಲ ದಿನವೇ ತೆಗೆದಿಡಬೇಕು. ಆ ಹಣವಿಲ್ಲದ ಸಂಗ್ರಹಾಲಯ ಗುಜರಿಯ ದಾರಿಯಲ್ಲಿ ಒಂದು ತಂಗುದಾಣ, ಅಷ್ಟೇ.

ನಮ್ಮಲ್ಲಿ ಉಳಿದ ನೌಕೆಗಳ ಗುಟ್ಟು ಆ ಉಪ್ಪುನೀರನ್ನು ತೊರೆದದ್ದೇ. ವಿಶಾಖಪಟ್ಟಣದ ಕಡಲತೀರದಲ್ಲಿ 2002ರಿಂದ ಇರುವ ಜಲಾಂತರ್ಗಾಮಿ ಕುರ್ಸುರಾ, ಕಾರವಾರದ ರವೀಂದ್ರನಾಥ ಟಾಗೋರ್ ತೀರದ ಕ್ಷಿಪಣಿ ದೋಣಿ ಚಾಪಲ್, ಎರಡೂ ನೀರು ಬಿಟ್ಟು ನೆಲಕ್ಕೆ ಬಂದವು. ಇತ್ತ ಚೆನ್ನೈ ಪಕ್ಕದ ಮಾಮಲ್ಲಪುರದಲ್ಲಿ ಜಲಾಂತರ್ಗಾಮಿ ವಾಗ್ಲಿಯನ್ನು ಸಂಗ್ರಹಾಲಯ ಮಾಡುವ ಯೋಜನೆ ಕೈಗೂಡಲೇ ಇಲ್ಲ.

ಈಗ ಕನ್ನಡಿಗರ ಕಡೆ ತಿರುಗಿ ಒಂದು ಮಾತು. ಕಾರವಾರದ ಕದಂಬ ನೌಕಾನೆಲೆಗೆ ಸೇರಿದ ವಿಮಾನವಾಹಕ ವಿಕ್ರಮಾದಿತ್ಯದ ಒಡಲೂ ಎರಡು ಜನ್ಮ ಕಂಡದ್ದೇ. ಈಗಿನ ಉಕ್ರೇನಿನ ಮೈಕೊಲಾಯಿವ್‌ನಲ್ಲಿ ಸೋವಿಯತ್ ವಿಮಾನವಾಹಕ ಕ್ರೂಸರ್ ಆಗಿ ಹುಟ್ಟಿ ಮುಂಭಾಗದಲ್ಲಿ ಕ್ಷಿಪಣಿ ಹೊತ್ತಿತ್ತು. ಅವನ್ನು ಕಿತ್ತು, ವಿಮಾನ ಏರಲು ಮೇಲಕ್ಕೆ ಬಾಗಿದ ಸ್ಕೀ ಜಂಪ್ ಕಟ್ಟಿದ ಮೇಲೆ 2013ರ ನವೆಂಬರ್ 16ರಂದು ನಮ್ಮದಾಯಿತು. ಅದರ ಅಕ್ಕಂದಿರಾದ ಕೀವ್ ಮತ್ತು ಮಿನ್ಸ್ಕ್ ನಿವೃತ್ತಿಯ ನಂತರ ಚೀನಾದಲ್ಲಿ ವರ್ಷಗಟ್ಟಲೆ ಪ್ರವಾಸಿಗರನ್ನು ಬರಮಾಡಿಕೊಂಡವು. ನಮ್ಮದೂ ಒಂದು ದಿನ ದಣಿಯುತ್ತದೆ. ಆ ದಿನ ಬಂದ ಮೇಲೆ ಹರಾಜಿನ ಮುಂದೆ ಕಣ್ಣೀರಿಡುವುದು ಬೇಡ. ಜಾಗ ಯಾವುದು, ಡಾಕ್ ಯಾವುದು, ವರ್ಷಕ್ಕೆಷ್ಟು ಹಣ ಎಂಬ ಲೆಕ್ಕ ಈಗಲೇ ಬರೆದಿಡಬೇಕು. 284 ಮೀಟರಿನ ಇಡೀ ಹಡಗನ್ನು ಉಳಿಸಲಾಗದಿದ್ದರೆ ಕೀಲ್‌ನಿಂದ ಡೆಕ್ಕಿನವರೆಗೆ ಅಡ್ಡಲಾಗಿ ಕೊಯ್ದ ಒಂದು ಹೋಳನ್ನಾದರೂ ನೆಲದ ಮೇಲೆ ನಿಲ್ಲಿಸಬೇಕು. ಪಕ್ಕೆಲುಬು, ಹ್ಯಾಂಗರ್, ಎಂಜಿನ್ ಕೋಣೆ ಎಲ್ಲವೂ ಒಂದೇ ನೋಟಕ್ಕೆ ಮಕ್ಕಳಿಗೆ ಕಾಣಬೇಕು.

ಅಲ್ಲಿಯವರೆಗೆ, ಕಾರವಾರಕ್ಕೆ ಹೋದಾಗ ಚಾಪಲ್ ಮುಂದೆ ಫೋಟೊ ತೆಗೆಸಿಕೊಂಡು ಮರಳಬೇಡಿ. ಒಮ್ಮೆ ಬಾಗಿ, ಅದರ ಅಡಿಯನ್ನು ನೋಡಿ ಬನ್ನಿ.