ನೀಲಿ ಬಳಿದ ಇರುಳು: ಕನ್ನಡ ತೈಲಚಿತ್ರ ಮತ್ತು ಬೆಳದಿಂಗಳು

ಕನ್ನಡ ನಾಡಿನ ನಿಸರ್ಗಚಿತ್ರ ಪರಂಪರೆ ಮುಖ್ಯವಾಗಿ ಹಗಲಿನ ಪರಂಪರೆ. ಕೆ. ವೆಂಕಟಪ್ಪನವರ ಊಟಿಯಲ್ಲಿ ಮೋಡವಿದೆ, ಮಂಜಿದೆ, ಕೆರೆಯ ಮೇಲಿನ ಬೆಳಕಿದೆ. ರುಮಾಲೆ ಚೆನ್ನಬಸವಯ್ಯನವರ ಬೆಂಗಳೂರಿನಲ್ಲಿ ಹೂಬಿಟ್ಟ ಮರಗಳು ಬಿಸಿಲಿಗೆ ಹೊತ್ತಿಕೊಂಡಂತೆ ನಿಂತಿವೆ. ಇರುಳಿಗೆ ಬಂದಾಗ, ಅದರಲ್ಲೂ ತೈಲವರ್ಣದ ಬೆಳದಿಂಗಳಿಗೆ ಬಂದಾಗ, ಈ ಪರಂಪರೆ ತಡವರಿಸುತ್ತದೆ. ನಮ್ಮ ಕ್ಯಾನ್ವಾಸುಗಳಲ್ಲಿ ಬೆಳದಿಂಗಳಿಗೆ ಬರವೇನಿಲ್ಲ. ಪ್ರತಿ ಜನವರಿಯಲ್ಲಿ ಬೆಂಗಳೂರಿನ ಕುಮಾರಕೃಪಾ ರಸ್ತೆಯಲ್ಲಿ ನಡೆಯುವ ಚಿತ್ರಸಂತೆಯಲ್ಲಿ ಒಂದು ಸುತ್ತು ಹಾಕಿದರೆ ಸಾಕು. ಊಟದ ತಟ್ಟೆಯಷ್ಟು ದೊಡ್ಡ ಚಂದ್ರ, ಟ್ಯೂಬಿನಿಂದ ಹಿಂಡಿದ ನೀಲಿಯ ಆಕಾಶ, ನೀರಿನ ಮೇಲೊಂದು ಬೆಳ್ಳಿಗೆರೆ, ಮುಂದೆ ಕಪ್ಪು ತೆಂಗು. ಹತ್ತು ಮಳಿಗೆಗಳಲ್ಲಿ ಹತ್ತು ಕೈ, ಬೆಳದಿಂಗಳು ಒಂದೇ. ಒಂದು ಕಲಾಪರಂಪರೆ ಕಣ್ಣಿಗಿಂತ ಹೆಚ್ಚಾಗಿ ರೂಢಿಯನ್ನು ನಂಬಿದಾಗ ಹೀಗಾಗುತ್ತದೆ. ಆ ರೂಢಿ ಎಲ್ಲಿಂದ ಬಂತು, ಅದನ್ನು ಮೀರುವ ಉಪಾಯ ತೈಲವರ್ಣದ ಒಳಗೇ ಹೇಗಿದೆ ಎಂಬುದು ಈ ಲೇಖನದ ವಿಷಯ.

ರೂಢಿಯ ಮೊದಲ ಮೂಲ ರಾಜಾ ರವಿವರ್ಮ. 1889ರ ಅವರ ‘ಬೆಳದಿಂಗಳಲ್ಲಿ ಸ್ತ್ರೀ’ ಈಗ ದೆಹಲಿಯ ರಾಷ್ಟ್ರೀಯ ಆಧುನಿಕ ಕಲಾ ಸಂಗ್ರಹಾಲಯದಲ್ಲಿದೆ. ಅಲ್ಲಿ ಬೆಳದಿಂಗಳು ನಾಯಿಕೆಯ ಮನಸ್ಸಿಗೆ ಒದಗಿದ ಆವರಣ. ಚಂದ್ರನಿಗೆ ಸ್ವಂತ ಕೆಲಸ ಕಡಿಮೆ. ರವಿವರ್ಮರ ಮಟ್ಟಿಗೆ ಅದು ಸರಿಯಾದ ಆಯ್ಕೆಯೇ, ಏಕೆಂದರೆ ಅವರ ಚಿತ್ರ ಮೂಲತಃ ಪಾತ್ರದ ಚಿತ್ರ. ತೊಂದರೆ ಶುರುವಾದದ್ದು 1894ರಲ್ಲಿ ಅವರು ಮುಂಬೈಯಲ್ಲಿ ತೆರೆದ ಕಲ್ಲಚ್ಚಿನ ಮುದ್ರಣಾಲಯದ ನಂತರ. ಎಣ್ಣೆಬಣ್ಣದ ಪದರುಗಳಲ್ಲಿ ಹುಟ್ಟಿದ ಮಬ್ಬು ಕಲ್ಲಚ್ಚಿನಲ್ಲಿ ಚಪ್ಪಟೆ ನೀಲಿಯಾಯಿತು. ಆ ನೀಲಿ ಕ್ಯಾಲೆಂಡರಿಗೆ ಇಳಿಯಿತು, ದೇವರ ಪಟಕ್ಕೆ ಇಳಿಯಿತು. ವೃತ್ತಿ ರಂಗಭೂಮಿಯ ಕಂಪನಿಗಳ ಬಣ್ಣದ ಪರದೆಗಳು ಅದೇ ಭಾಷೆಯನ್ನು ರಂಗದ ಮೇಲೆ ತಂದವು. ಕಾಡಿನ ಪರದೆ ಬಿಟ್ಟರೆ ಕಾಡು, ನೀಲಿ ಬೆಳಕು ಹಾಯಿಸಿದರೆ ರಾತ್ರಿ. ನಾಟಕಕ್ಕೆ ಅಷ್ಟು ಸಾಕು. ಪ್ರೇಕ್ಷಕನಿಗೆ ‘ಈಗ ಇರುಳು’ ಎಂದು ತಿಳಿದರಾಯಿತು. ಚಿತ್ರಕಾರನೂ ಅಷ್ಟಕ್ಕೇ ತೃಪ್ತನಾದದ್ದು ನಮ್ಮ ಪರಂಪರೆಗಾದ ನಷ್ಟ.

ಇದರ ಜತೆಗೆ ಮೈಸೂರಿನಲ್ಲಿ ಇನ್ನೊಂದು ಹೊಳೆಯೂ ಹರಿಯುತ್ತಿತ್ತು. 1909ರಲ್ಲಿ ಕಲ್ಕತ್ತೆಗೆ ಹೋದ ವೆಂಕಟಪ್ಪ ಅವನೀಂದ್ರನಾಥ ಟ್ಯಾಗೋರರ ಬಳಿ ಕಲಿತದ್ದು ವಾಷ್ ವಿಧಾನ. ಅದಕ್ಕೆ ಕೆಲವೇ ವರ್ಷಗಳ ಹಿಂದೆ, 1903ರಲ್ಲಿ, ಜಪಾನಿನ ಯೊಕೊಯಾಮಾ ತೈಕಾನ್ ಮತ್ತು ಹಿಶಿದಾ ಶುನ್ಸೊ ಕಲ್ಕತ್ತೆಗೆ ಬಂದಿದ್ದರು. ಗೆರೆಯನ್ನು ಕರಗಿಸಿ ಗಾಳಿಯನ್ನೇ ಬಣ್ಣವಾಗಿಸುವ ಅವರ ಕ್ರಮ ಅವನೀಂದ್ರರ ಕೈಯಲ್ಲಿ ಬಂಗಾಳದ ವಾಷ್ ಆಯಿತು, ವೆಂಕಟಪ್ಪನವರ ಮೂಲಕ ನಮ್ಮ ಬೆಟ್ಟಗಳಿಗೆ ಬಂತು. ಹಾಗಾಗಿ ಕರ್ನಾಟಕದಲ್ಲಿ ವಾತಾವರಣವನ್ನು ಚಿತ್ರಿಸುವ ತಾಳ್ಮೆ ನೆಲೆಯೂರಿದ್ದು ಜಲವರ್ಣದಲ್ಲಿ. ತೈಲವರ್ಣ ಅರಮನೆಯ ಭಾವಚಿತ್ರಗಳಿಗೂ ಪುರಾಣದ ದೃಶ್ಯಗಳಿಗೂ ಮೀಸಲಾಯಿತು. ಮೈಸೂರಿನ ಜಗನ್ಮೋಹನ ಅರಮನೆಗೆ ಹೋದವರೆಲ್ಲ ನಿಂತು ನೋಡುವ ರಾತ್ರಿಬೆಳಕಿನ ಚಿತ್ರ, ಎಸ್.ಎಲ್. ಹಲ್ದಂಕರ್ 1945-46ರಲ್ಲಿ ರಚಿಸಿದ ದೀಪ ಹಿಡಿದ ಹೆಣ್ಣು, ಅದು ಕೂಡ ಜಲವರ್ಣವೇ. ಅದನ್ನು ರವಿವರ್ಮರ ತೈಲಚಿತ್ರವೆಂದು ನಂಬಿದವರು ಇಂದಿಗೂ ಸಿಗುತ್ತಾರೆ. ಕತ್ತಲೆ ಮತ್ತು ಎಣ್ಣೆಬಣ್ಣ ನಮ್ಮ ಮನಸ್ಸಿನಲ್ಲಿ ಜೊತೆಯಾಗಿದ್ದರೂ, ಕೆಲಸ ಮಾಡಿದ ಕೈಗಳು ಬೇರೆ ದಾರಿ ಹಿಡಿದಿದ್ದವು.

ಮೂರನೆಯ ಕಾರಣ ನಮ್ಮ ಕಲಾಶಿಕ್ಷಣದ ಹೆಮ್ಮೆಯ ಭಾಗವೇ ಆಗಿರುವ ಸ್ಥಳಚಿತ್ರಣ. ಬೆಳಿಗ್ಗೆ ಎದ್ದು ಬೋರ್ಡು ಹಿಡಿದು ಹೊರಡುವುದು, ಎರಡು ಮೂರು ಗಂಟೆಯಲ್ಲಿ ಚಿತ್ರ ಮುಗಿಸಿ ಬರುವುದು. ಇದು ಕೈಗೆ ವೇಗ ಕೊಟ್ಟಿದೆ, ಕಣ್ಣಿಗೆ ಧೈರ್ಯ ಕೊಟ್ಟಿದೆ. ರುಮಾಲೆಯವರಂಥವರ ಚಿತ್ರಗಳ ಹುಮ್ಮಸ್ಸು ಬಯಲಿನಲ್ಲಿ ನಿಂತು ಬರೆದದ್ದರಿಂದಲೇ ಬಂದದ್ದು. ಆದರೆ ಬೆಳದಿಂಗಳನ್ನು ಹೀಗೆ ಹಿಡಿಯಲು ಬರುವುದಿಲ್ಲ. ಹುಣ್ಣಿಮೆಯ ಬೆಳಕಿನಲ್ಲಿ ಪ್ಯಾಲೆಟ್ಟಿನ ಮೇಲಿರುವುದು ಕೆಂಪೋ ಹಸಿರೋ ತಿಳಿಯದು. ಟಾರ್ಚು ಹಾಕಿದ ಕ್ಷಣವೇ ಎದುರಿನ ಬೆಳದಿಂಗಳು ಕಣ್ಣಿನಿಂದ ಹೊರಟುಹೋಗುತ್ತದೆ. ಕತ್ತಲಿಗೆ ಕಣ್ಣು ಪೂರ್ತಿ ಒಗ್ಗಲು ಅರ್ಧ ಗಂಟೆ ಬೇಕು, ಆ ಒಗ್ಗಿಕೆ ಕೆಡಲು ಒಂದು ಕ್ಷಣ ಸಾಕು. ಎದುರಿಗೆ ನಿಂತು ಬರೆಯುವುದನ್ನಷ್ಟೇ ಕಲಿತ ಪರಂಪರೆಗೆ ಇಲ್ಲಿ ದಾರಿ ಮುಗಿಯುತ್ತದೆ.

ಹಾಗಾದರೆ ಬೆಳದಿಂಗಳನ್ನು ಬರೆಯುವುದು ಹೇಗೆ? ಮಲೆನಾಡಿನ ಒಂದು ಊರನ್ನು, ಕೊಪ್ಪ ತಾಲ್ಲೂಕಿನ ಕಮ್ಮರಡಿಯನ್ನು, ಒರೆಗಲ್ಲಾಗಿ ಇಟ್ಟುಕೊಳ್ಳೋಣ. ಸುತ್ತ ಗುಡ್ಡ, ಗುಡ್ಡದ ಮೈಗೆ ಕಾಡು, ಕಣಿವೆಯಲ್ಲಿ ಅಡಿಕೆ ತೋಟ, ಅಂಚಿನಲ್ಲಿ ಗದ್ದೆ, ಹೆಂಚಿನ ಮನೆ, ಮುಂದೆ ಅಂಗಳ. ಪುಷ್ಯದ ಹುಣ್ಣಿಮೆ ಎಂದುಕೊಳ್ಳಿ; ಅಡಿಕೆ ಕೊಯ್ಲಿನ ಕಾಲ. ಇಲ್ಲಿ ಚಿತ್ರಕಾರ ಮೊದಲು ಮಾಡಬೇಕಾದ ಕೆಲಸ ತನಗೆ ಗೊತ್ತಿರುವ ಬಣ್ಣಗಳನ್ನು ಮರೆಯುವುದು. ಹೆಂಚು ಕೆಂಪು ಎಂದು ಹಗಲು ಹೇಳಿದೆ. ಇರುಳಿನಲ್ಲಿ ಕೆಂಪು ಎಲ್ಲಕ್ಕಿಂತ ಮೊದಲು ಕಪ್ಪಾಗುತ್ತದೆ, ಹಸಿರು ಮತ್ತು ನೀಲಿಯ ಕಡೆಯ ಬಣ್ಣಗಳು ಅದಕ್ಕೆ ಹೋಲಿಸಿದರೆ ತಿಳಿಯಾಗಿ ಉಳಿಯುತ್ತವೆ. ಬೊಹೀಮಿಯಾದ ವಿಜ್ಞಾನಿ ಯಾನ್ ಪುರ್ಕಿನ್ಯೆ 1819ರಲ್ಲಿ ಗುರುತಿಸಿದ ಸಂಗತಿ ಇದು. ಹಾಗಾಗಿ ಕಮ್ಮರಡಿಯ ಹೆಂಚಿನ ಮಾಡು ಅಡಿಕೆ ತೋಟಕ್ಕಿಂತ ಕಪ್ಪಾಗಿ ಕಾಣಬೇಕು. ಹಗಲಿನಲ್ಲಿ ನೋಡಿದ ಸಂಬಂಧ ತಲೆಕೆಳಗಾಗಬೇಕು. ಜಂಬಿಟ್ಟಿಗೆಯ ಗೋಡೆ ಇನ್ನಷ್ಟು ಮುಳುಗುತ್ತದೆ. ಅಡಿಕೆಯ ಗರಿಯ ನುಣುಪು ಮೈ ಮಾತ್ರ ಚಂದ್ರನನ್ನು ತುಂಡುತುಂಡಾಗಿ ಹಿಂದಿರುಗಿಸುತ್ತದೆ. ನಮ್ಮ ಬೆಳದಿಂಗಳ ಚಿತ್ರಗಳಲ್ಲಿ ಹೆಂಚು ನೀಲಿ ಬೆರೆತ ಕೆಂಪಾಗಿಯೇ ಉಳಿದಿರುವುದನ್ನು ಕಂಡರೆ, ಚಿತ್ರಕಾರ ಹಗಲಿನ ಚಿತ್ರಕ್ಕೆ ನೀಲಿ ಗಾಜು ಮುಚ್ಚಿದ್ದಾನೆ ಎಂದು ತಿಳಿಯಬೇಕು.

ಎರಡನೆಯದು ಚಂದ್ರನ ಅಳತೆ ಮತ್ತು ಎತ್ತರ. ಆಕಾಶದಲ್ಲಿ ಚಂದ್ರ ಅರ್ಧ ಡಿಗ್ರಿಯಷ್ಟೇ ಅಗಲ. ನಲವತ್ತು ಅಂಗುಲದ ಕ್ಯಾನ್ವಾಸು ನಲವತ್ತು ಡಿಗ್ರಿ ನೋಟವನ್ನು ಹಿಡಿದರೆ, ಅದರಲ್ಲಿ ಚಂದ್ರ ಸುಮಾರು ಅರ್ಧ ಅಂಗುಲ. ಚಳಿಗಾಲದ ಹುಣ್ಣಿಮೆಯ ಚಂದ್ರ ನಡುರಾತ್ರಿಯಲ್ಲಿ ನೆತ್ತಿಯ ಹತ್ತಿರ ಇರುತ್ತಾನೆ; ಅಡಿಕೆ ಮರದ ನೆರಳು ಅದರ ಬುಡದಲ್ಲೇ ಸೇರಿಕೊಳ್ಳುತ್ತದೆ. ಉದ್ದ ನೆರಳು ಬೇಕಾದವನು ಮುಸ್ಸಂಜೆ ಕಳೆದ ಹೊತ್ತನ್ನೋ ಬೆಳಗಿನ ಜಾವವನ್ನೋ ಆರಿಸಿಕೊಳ್ಳಬೇಕು. ಚಂದ್ರ ನೆತ್ತಿಯ ಮೇಲಿದ್ದರೆ ಅವನನ್ನು ಚೌಕಟ್ಟಿನೊಳಗೆ ತರುವುದೇ ಆಗದು. ಬೆಳಕನ್ನು ಮಾತ್ರ ಬರೆಯಬೇಕು. ಚಂದ್ರನಿಲ್ಲದ ಬೆಳದಿಂಗಳು ಬರೆಯುವ ಎದೆಗಾರಿಕೆಯೇ ಈ ಪ್ರಕಾರದ ನಿಜವಾದ ಪರೀಕ್ಷೆ, ಮತ್ತು ಅದರಲ್ಲಿ ನಮ್ಮವರು ತೇರ್ಗಡೆಯಾದದ್ದು ಬಹಳ ಕಡಿಮೆ.

ಇನ್ನು ನೀಲಿಯ ಪ್ರಶ್ನೆ. ಚಂದ್ರನ ಬೆಳಕು ನೀಲಿಯಲ್ಲ. ಅದು ಪ್ರತಿಫಲಿಸಿದ ಬಿಸಿಲು. ಬಿಸಿಲಿಗಿಂತ ತುಸು ಕೆಂಪಿನ ಕಡೆಗೇ ವಾಲಿದೆ. ಹುಣ್ಣಿಮೆಯ ರಾತ್ರಿ ಕ್ಯಾಮೆರಾವನ್ನು ಬಹಳ ಹೊತ್ತು ತೆರೆದಿಟ್ಟರೆ ಗುಡ್ಡ ಹಗಲಿನಂತೆ ಹಸಿರಾಗಿಯೇ ಮೂಡುತ್ತದೆ. ಬೆಳಕಿನ ಮೊತ್ತ ಬಿಸಿಲಿನ ನಾಲ್ಕು ಲಕ್ಷದಲ್ಲೊಂದು ಭಾಗಕ್ಕೆ ಇಳಿದಾಗ ನಮ್ಮ ಕಣ್ಣು ಬಣ್ಣ ಗುರುತಿಸುವ ಶಕ್ತಿಯನ್ನು ಕಳೆದುಕೊಂಡು ಬೂದು-ನೀಲಿಯ ಒಂದು ಅನುಭವವನ್ನು ತಾನೇ ಕಟ್ಟಿಕೊಳ್ಳುತ್ತದೆ. ಆದ್ದರಿಂದ ನೀಲಿ ಬಳಸಿದ್ದು ತಪ್ಪು ಎಂದು ಯಾರನ್ನೂ ದೂರಲಾಗದು. ಆಕ್ಷೇಪಣೆ ಇರುವುದು ಆ ನೀಲಿಯನ್ನು ಟ್ಯೂಬಿನಿಂದ ನೇರವಾಗಿ ತಂದದ್ದಕ್ಕೆ. ತೈಲವರ್ಣ ಅದಕ್ಕಿಂತ ಒಳ್ಳೆಯ ದಾರಿ ಕೊಡುತ್ತದೆ.

ಆ ದಾರಿ ಹೀಗೆ. ಬಿಳಿ ಕ್ಯಾನ್ವಾಸಿನ ಮೇಲೆ ಮೊದಲು ಬರ್ನ್ಟ್ ಅಂಬರಿನ ತೆಳು ಹಾಸು. ಅಂಬರಿನಲ್ಲಿ ಮ್ಯಾಂಗನೀಸ್ ಇರುವುದರಿಂದ ಬೇಗ ಒಣಗುತ್ತದೆ. ಜತೆಗೆ ಅದು ಬೆಚ್ಚನೆಯ ತಳ. ಅದರ ಮೇಲೆ ದೊಡ್ಡ ಕತ್ತಲೆಗಳನ್ನು ಮೂರು ನಾಲ್ಕು ಮೊತ್ತಗಳಾಗಿ ಇಡಬೇಕು: ಹತ್ತಿರದ ಮರ, ತೋಟ, ದೂರದ ಗುಡ್ಡ, ಆಕಾಶ. ಕಪ್ಪಿನ ಟ್ಯೂಬು ಮುಟ್ಟದೆ ಅಲ್ಟ್ರಾಮರೀನ್ ಮತ್ತು ಅಂಬರ್ ಬೆರೆಸಿದರೆ ಉಸಿರಾಡುವ ಕತ್ತಲೆ ಸಿಗುತ್ತದೆ. ಬೇಕಾದ ಕಡೆ ಬೆಚ್ಚಗೆ, ಬೇಕಾದ ಕಡೆ ತಣ್ಣಗೆ ಮಾಡಬಹುದು. ಇದು ಒಣಗಿದ ಮೇಲೆ ಬರುವುದು ಸ್ಕಂಬಲ್: ಒಣ ಬ್ರಶ್ಶಿನಿಂದ ತೆಳುವಾದ ಬಿಳಿಯನ್ನು ಕತ್ತಲೆಯ ಮೇಲೆ ತೇಯುವುದು. ಕಡು ಹಿನ್ನೆಲೆಯ ಮೇಲಿನ ತೆಳು ಬಿಳಿ ನೀಲಿಯಾಗಿ ಕಾಣುತ್ತದೆ. ಬಚ್ಚಲೊಲೆಯ ಹೊಗೆ ಕಾಡಿನ ಎದುರು ನೀಲಿಯಾಗಿ ಕಾಣುವುದು ಇದೇ ಕಾರಣಕ್ಕೆ. ಅಂದರೆ ಕಣಿವೆಯ ಮಂಜಿಗೆ ನೀಲಿ ಬಣ್ಣವೇ ಬೇಡ. ಬಣ್ಣದ ಪದರೇ ಮಂಜಿನಂತೆ ವರ್ತಿಸಿ ನೀಲಿಯನ್ನು ಹುಟ್ಟಿಸುತ್ತದೆ. ಕೊನೆಗೆ ಗ್ಲೇಜ್, ಎಣ್ಣೆಯಲ್ಲಿ ತೇಲುವ ಪಾರದರ್ಶಕ ಬಣ್ಣ. ಅದು ಅತಿಯಾಗಿ ಎದ್ದ ಬೆಳಕುಗಳನ್ನು ಹಿಂದಕ್ಕೆ ತಳ್ಳುತ್ತದೆ. ಎಲ್ಲಕ್ಕಿಂತ ಕಷ್ಟದ್ದು ಅಂಚುಗಳನ್ನು ಕಳೆಯುವುದು. ಬೆಳದಿಂಗಳಲ್ಲಿ ಎಲೆಯ ಗೆರೆ ಕಾಣಿಸದು, ಎಲೆಗಳ ಗುಂಪು ಕಾಣುತ್ತದೆ. ಗೆರೆಯ ಮೇಲೆ ಹಿಡಿತ ಗಳಿಸಿದ ಕೈಗೆ ಗೆರೆಯನ್ನು ಬಿಡುವುದು ಸುಲಭವಲ್ಲ.

ಈ ಕ್ರಮಕ್ಕೆ ಬೇಕಾದದ್ದು ಕಾಲ. ಎಣ್ಣೆಬಣ್ಣ ನೀರಿನಂತೆ ಆವಿಯಾಗಿ ಒಣಗುವುದಿಲ್ಲ. ಲಿನ್ಸೀಡ್ ಎಣ್ಣೆ ಗಾಳಿಯ ಆಮ್ಲಜನಕವನ್ನು ಹೀರಿ ನಿಧಾನವಾಗಿ ಗಟ್ಟಿಯಾಗುತ್ತದೆ. ಮೇಲಿನ ಪದರಿನಲ್ಲಿ ಕೆಳಗಿನದಕ್ಕಿಂತ ಹೆಚ್ಚು ಎಣ್ಣೆ ಇರಬೇಕು, ಇಲ್ಲವಾದರೆ ಬಿರುಕು. ವರ್ಷಕ್ಕೆ ಏಳು ಸಾವಿರ ಮಿಲಿಮೀಟರಿಗೂ ಹೆಚ್ಚು ಮಳೆ ಬೀಳುವ ಆಗುಂಬೆಯ ನೆರೆಯಲ್ಲಿ ಈ ಲೆಕ್ಕ ಇನ್ನಷ್ಟು ಬಿಗಿ: ಮಳೆಗಾಲದಲ್ಲಿ ಪದರು ಒಣಗುವುದು ತಡ, ಕ್ಯಾನ್ವಾಸು ಸಡಿಲ, ಹಿಂಬದಿಗೆ ಬೂಷ್ಟು. ಕಿಟಕಿ ಮುಚ್ಚಿದ ಕತ್ತಲೆ ಕೋಣೆಯಲ್ಲಿಟ್ಟ ಚಿತ್ರದಲ್ಲಿ ಎಣ್ಣೆ ಹಳದಿಗಟ್ಟುತ್ತದೆ, ನೀಲಿ ಹಸಿರಿಗೆ ತಿರುಗುತ್ತದೆ. ಹೀಗಾಗಿ ಮಲೆನಾಡಿನ ಬೆಳದಿಂಗಳ ತೈಲಚಿತ್ರ ದೀಪಾವಳಿಯಿಂದ ಯುಗಾದಿಯವರೆಗಿನ ಕೆಲಸ. ಮಳೆಗಾಲವಿಡೀ ನೋಡಿದ್ದನ್ನು ನೆನಪಿನಲ್ಲಿ ಇಟ್ಟುಕೊಳ್ಳಬೇಕು.

ನೆನಪು ಎಂಬುದೇ ಇಲ್ಲಿಯ ನಿಜವಾದ ಸಾಧನ. 1870ರ ದಶಕದಲ್ಲಿ ಥೇಮ್ಸ್ ನದಿಯ ರಾತ್ರಿಗಳನ್ನು ಬರೆದ ವಿಸ್ಲರ್ ದೃಶ್ಯವನ್ನು ದಿಟ್ಟಿಸಿ ನೋಡಿ, ಬೆನ್ನು ತಿರುಗಿಸಿ, ಕಂಡದ್ದನ್ನು ಜತೆಗಿದ್ದವರಿಗೆ ಬಾಯಿಪಾಠದಂತೆ ಒಪ್ಪಿಸುತ್ತಿದ್ದರು; ಚಿತ್ರ ಮಾತ್ರ ಮನೆಯಲ್ಲಿ. ರಷ್ಯಾದ ಅರ್ಖಿಪ್ ಕುಯಿಂಜಿ 1880ರಲ್ಲಿ ‘ನೀಪರ್ ನದಿಯ ಮೇಲೆ ಬೆಳದಿಂಗಳ ರಾತ್ರಿ’ ಎಂಬ ಒಂದೇ ಚಿತ್ರವನ್ನು ಕತ್ತಲೆ ಕೋಣೆಯಲ್ಲಿ ದೀಪದ ಬೆಳಕಿಗೆ ಪ್ರದರ್ಶಿಸಿದಾಗ, ಹಿಂದೆ ದೀಪ ಬಚ್ಚಿಟ್ಟಿದ್ದಾರೆಂದು ಜನ ಅನುಮಾನಪಟ್ಟರು. ಆತ ಬಳಸಿದ ಕೆಲವು ಬಣ್ಣಗಳು ಮುಂದೆ ಕಪ್ಪಾದವು ಎಂಬುದೂ ನೆನಪಿಡಬೇಕಾದ ಪಾಠವೇ. ಈ ಕುಯಿಂಜಿಯ ಶಿಷ್ಯ ನಿಕೊಲಾಯ್ ರೋರಿಕ್. ನಿಕೊಲಾಯ್ ಅವರ ಮಗ ಸ್ವೆತೊಸ್ಲಾವ್ ಬೆಂಗಳೂರಿನ ಹೊರವಲಯದ ತಾತಗುಣಿಯಲ್ಲಿ ದೇವಿಕಾ ರಾಣಿಯವರೊಂದಿಗೆ ದಶಕಗಳ ಕಾಲ ಬಾಳಿ 1993ರಲ್ಲಿ ತೀರಿಕೊಂಡರು. ತಂದೆ ಮಗ ಇಬ್ಬರ ಚಿತ್ರಗಳೂ ಚಿತ್ರಕಲಾ ಪರಿಷತ್ತಿನಲ್ಲಿವೆ. ಬೆಳದಿಂಗಳ ತೈಲಚಿತ್ರದ ಮಹಾಗುರುವಿನ ವಂಶವೃಕ್ಷದ ಕೊಂಬೆ ನಮ್ಮ ಕಲಾಶಾಲೆಯ ಅಂಗಳಕ್ಕೇ ಚಾಚಿತ್ತು. ನಾವು ಅದರಿಂದ ಹಿಮಾಲಯದ ಕಡು ಬಣ್ಣಗಳನ್ನು ಮೆಚ್ಚಿಕೊಂಡೆವು. ಇರುಳಿನ ಪಾಠ ಕೇಳಲಿಲ್ಲ.

ಬೆಳದಿಂಗಳು ನಮ್ಮ ನೆಲದ ಸಂವೇದನೆಯಲ್ಲೇ ಚಿತ್ರಕ್ಕೆ ಒಗ್ಗದ ವಸ್ತು ಎಂದು ಯಾರಾದರೂ ವಾದಿಸಬಹುದು. ಆ ವಾದ ನಿಲ್ಲುವುದಿಲ್ಲ. ಮಲೆನಾಡಿನ ದೀವರು ಭೂಮಿ ಹುಣ್ಣಿಮೆಗೆಂದೇ ಬುಟ್ಟಿಗೆ ಕೆಮ್ಮಣ್ಣು ಬಳಿದು ಬಿಳಿಯ ಚಿತ್ತಾರ ಬರೆಯುತ್ತಾರೆ. ಹುಣ್ಣಿಮೆಗೂ ಕುಂಚಕ್ಕೂ ಇಲ್ಲಿ ಹಳೆಯ ನಂಟಿದೆ. ಕೊಪ್ಪ ತಾಲ್ಲೂಕಿನ ಹಿರೇಕೊಡಿಗೆಯಲ್ಲಿ ಹುಟ್ಟಿದ ಕುವೆಂಪು ‘ಮಲೆನಾಡಿನ ಚಿತ್ರಗಳು’ ಪ್ರಕಟಿಸಿದ್ದು 1933ರಲ್ಲಿ. ಆ ಪುಸ್ತಕದಲ್ಲಿ ಮತ್ತು ನಂತರದ ಎರಡು ಕಾದಂಬರಿಗಳಲ್ಲಿ ಮಲೆಯ ಇರುಳು ಕತ್ತಲೆಯ ಹದ, ತೇವ, ದೂರ ಎಲ್ಲದರೊಂದಿಗೆ ಇದೆ. ಅವರು ಬರೆದದ್ದೂ ಮೈಸೂರಿನಲ್ಲಿ ಕುಳಿತು, ಊರನ್ನು ನೆನೆದು. ಚಿತ್ರಕಾರರು ಬಿಟ್ಟ ಕೆಲಸವನ್ನು ಗದ್ಯ ಮಾಡಿ ಮುಗಿಸಿತು.

ಈ ಪರಂಪರೆಯ ಬಗ್ಗೆ ನನ್ನ ತೀರ್ಮಾನ ಇಷ್ಟು. ಹಗಲನ್ನು ನೋಡುವುದರಲ್ಲಿ ಅದು ಯಾರಿಗೂ ಕಡಿಮೆಯಿಲ್ಲ. ಜಲವರ್ಣದಲ್ಲಿ ವಾತಾವರಣವನ್ನು ಕಟ್ಟಿದ ವೆಂಕಟಪ್ಪನವರ ತಾಳ್ಮೆ ತೈಲವರ್ಣದ ಕೋಣೆಗೆ ದಾಟಿ ಬರಲಿಲ್ಲ ಎಂಬುದೇ ಅದರ ದೊಡ್ಡ ಕೊರತೆ. ಕಾರಣ ಪ್ರತಿಭೆಯ ಅಭಾವವಲ್ಲ, ಪಾಠಕ್ರಮದ ಅಭ್ಯಾಸ. ಮೈಸೂರಿನ ಕಾವಾ, ಚಿತ್ರಕಲಾ ಪರಿಷತ್ತು, ಧಾರವಾಡ-ಗದಗದ ಕಲಾಶಾಲೆಗಳು ಮನಸ್ಸು ಮಾಡಿದರೆ ಇದು ಸರಿಹೋಗುವಂಥದ್ದು. ನಿಸರ್ಗಚಿತ್ರ ಶಿಬಿರವನ್ನು ಒಮ್ಮೆ ಚಳಿಗಾಲದ ಹುಣ್ಣಿಮೆಗೆ ಕಮ್ಮರಡಿಯಂಥ ಊರಿನಲ್ಲಿ ನಡೆಸಲಿ. ರಾತ್ರಿ ಬ್ರಶ್ಶು ಮುಟ್ಟಗೊಡದೆ ಬರೀ ನೋಡಿಸಲಿ, ಬೆಳಿಗ್ಗೆ ನೆನಪಿನಿಂದ ಬರೆಸಲಿ, ಪದರು ಒಣಗುವವರೆಗೆ ಕಾಯಿಸಲಿ, ನೀಲಿಯ ಟ್ಯೂಬನ್ನು ಮೊದಲ ವಾರ ಕಸಿದಿಟ್ಟುಕೊಳ್ಳಲಿ. ಅಲ್ಲಿಯವರೆಗೆ ಕನ್ನಡದ ಬೆಳದಿಂಗಳನ್ನು ಕಾಣಬಯಸುವವರು ಚಿತ್ರಶಾಲೆಗಿಂತ ಗ್ರಂಥಾಲಯಕ್ಕೆ ಹೋಗುವುದೇ ಮೇಲು.