ರುದ್ರದೇವ ಅನ್ನೋ ಹೆಸರಿನ ಹೆಣ್ಣು

ನಮ್ಮ ರಾಯದುರ್ಗ, ಮಡಕಶಿರಾ ಕಡೆ ಗಂಡುಮಕ್ಕಳಿಲ್ಲದ ಅಪ್ಪ ಮಗಳನ್ನು ಹೊಗಳೋದು ಒಂದೇ ಮಾತಲ್ಲಿ: ‘ಇವಳು ಮಗಳಲ್ಲ ಬಿಡಪ್ಪ, ನನ್ನ ಗಂಡ್ಮಗ.’ ಅದೇ ಹುಡುಗಿ ಸಂತೆಯಲ್ಲಿ ನಾಲ್ಕು ಮಾತು ಗಟ್ಟಿಯಾಗಿ ಆಡಿದರೆ ಗಂಡುಬೀರಿ. ಗುಣಶೇಖರ್ ಅವರ ತೆಲುಗು ಸಿನಿಮಾ ‘ರುದ್ರಮದೇವಿ’ (2015) ನಿಂತಿರುವುದು ಆ ಮೊದಲ ಮಾತಿನ ಮೇಲೆ.

ಕಥೆ ಬಹಳ ಜನಕ್ಕೆ ಗೊತ್ತು. ಓರುಗಲ್ಲಿನ ಕಾಕತೀಯ ದೊರೆ ಗಣಪತಿದೇವನಿಗೆ ಗಂಡು ಸಂತಾನವಿಲ್ಲ. ಹುಟ್ಟಿದ ಹೆಣ್ಣನ್ನು ಗಂಡೆಂದು ಸಾರಿ, ರುದ್ರದೇವ ಅಂತ ಹೆಸರಿಟ್ಟು, ಕತ್ತಿ, ಕುದುರೆ ಕಲಿಸಿ ಬೆಳೆಸುತ್ತಾರೆ. ಮಂಗಳೂರು ಕಡೆಯ ಅನುಷ್ಕಾ ಶೆಟ್ಟಿ ಗಂಡುಡುಗೆಯಲ್ಲಿ ನಡೆಯುವಾಗ ಭುಜ ಬಿಗಿದಿರುತ್ತದೆ, ನೋಟ ನೇರ. ಆಕೆ ಮಾಡಿದ್ದು ಸುಲಭದ ಕೆಲಸವಲ್ಲ. ಆದರೆ ಹೆಣ್ಣುಡುಗೆಗೆ ಬಂದ ಕೂಡಲೇ ಕ್ಯಾಮೆರಾ ಅವಳ ರಾಜ್ಯ ಮರೆತು ಒಡವೆ ಲೆಕ್ಕ ಹಾಕಲು ಕೂರುತ್ತದೆ. (ಶಿಳ್ಳೆ ಪೂರಾ ಗೋನ ಗನ್ನಾರೆಡ್ಡಿಯಾಗಿ ಬರುವ ಅಲ್ಲು ಅರ್ಜುನ್‌ಗೆ! ಹೆಣ್ಣಿನ ಸಿನಿಮಾಕ್ಕೂ ಒಬ್ಬ ಗಂಡಿನ ಜಾಮೀನು ಬೇಕಾಯಿತು.)

ನನ್ನ ತಕರಾರು ಬೇರೆ. ಶಾಸನಗಳು ಆಕೆಯನ್ನು ರುದ್ರದೇವ ಮಹಾರಾಜ ಅಂತಲೂ ಕರೆದಿವೆ, ನಿಜ. ಆದರೆ ಆಕೆ ಹೆಣ್ಣೆಂಬುದು ಲೋಕಕ್ಕೆ ಗುಟ್ಟಾಗಿತ್ತೇ? ಓರುಗಲ್ಲಿನಲ್ಲಿ ಆಕೆಯ ಕಾಲದ್ದೆನ್ನುವ ಕೆತ್ತನೆಯಲ್ಲಿ ಸಿಂಹದ ಮೇಲೆ ಕತ್ತಿ ಗುರಾಣಿ ಹಿಡಿದು ಕೂತಿರುವುದು ಹೆಂಗಸು. ದೂರದಿಂದ ಬಂದ ಮಾರ್ಕೊ ಪೋಲೊ ಕೂಡ ಅಲ್ಲಿ ಆಳುತ್ತಿದ್ದದ್ದು ರಾಣಿ ಅಂತಲೇ ಬರೆದ. ಆಕೆಯನ್ನು ಸತ್ತ ದೊರೆಯ ಹೆಂಡತಿ ಅಂದುಕೊಂಡ, ಅಷ್ಟೇ. ಚಂದುಪಟ್ಲ ಶಾಸನ ಆಕೆಯ ಮರಣವನ್ನು 1289ಕ್ಕೆ ತೋರಿಸುತ್ತದೆ. ಸುಮಾರು ಕಾಲು ಶತಮಾನ ಆಳಿದವಳು. ಹಾಗಾದರೆ ಆ ಗಂಡು ಹೆಸರು ಮೈ ಮುಚ್ಚುವ ಬಟ್ಟೆಯಲ್ಲ. ಗದ್ದುಗೆಗೆ ಇದ್ದದ್ದೇ ಗಂಡು ಪದವಿ, ಅದನ್ನೇ ತೊಟ್ಟಳು. ಸಿನಿಮಾ ಇದನ್ನು ಬಿಟ್ಟು ‘ಯಾವಾಗ ಸಿಕ್ಕಿಬೀಳ್ತಾಳೋ’ ಅನ್ನೋ ಕಣ್ಣಾಮುಚ್ಚಾಲೆಗೆ ಇಳಿಯಿತು.

ಇನ್ನು ಮುಕ್ತಾಂಬೆ. ಗುಟ್ಟು ಉಳಿಯಬೇಕು ಅಂತ ‘ಯುವರಾಜ’ನಿಗೆ ಮದುವೆ ಮಾಡಿದ ಹೆಣ್ಣು. ನಿತ್ಯಾ ಮೆನನ್‌ಗೆ ಸಿಕ್ಕಿದ್ದು ಚೂರುಪಾರು ಜಾಗ. ಒಬ್ಬಳು ಗಂಡಾಗಿ ಬದುಕಲು ಇನ್ನೊಬ್ಬಳ ಬಾಳು ಅಡವಿಟ್ಟರಲ್ಲ, ಆ ಅಡವಿನ ಬಡ್ಡಿ ಯಾರು ಕಟ್ಟಿದರು? ಸಿನಿಮಾ ಅಲ್ಲಿ ನಿಲ್ಲೋದೇ ಇಲ್ಲ. ನಾನು ಬರೆದಿದ್ದರೆ ಅರ್ಧ ಕಥೆ ಅವಳದ್ದೇ ಆಗ್ತಿತ್ತು.

ಇದರ ಪಕ್ಕ ಸಿದ್ದಿಕ್ ಬರ್ಮಕ್‌ರ ‘ಒಸಾಮಾ’ (2003) ಇಟ್ಟು ನೋಡಿ. ತಾಲಿಬಾನ್ ಕಾಲದ ಕಾಬೂಲ್, ಗಂಡು ದಿಕ್ಕಿಲ್ಲದ ಮನೆ, ತಾಯಿ ದುಡಿಯುವಂತಿಲ್ಲ. ಅಜ್ಜಿ ಮೊಮ್ಮಗಳ ಜಡೆ ಕತ್ತರಿಸಿ, ಹುಡುಗನ ಬಟ್ಟೆ ತೊಡಿಸಿ ಹಾಲಿನಂಗಡಿಗೆ ಕಳಿಸುತ್ತಾರೆ. ಕತ್ತರಿಸಿದ ಜಡೆಯನ್ನು ಹುಡುಗಿ ಹೂಕುಂಡದಲ್ಲಿ ನೆಡುತ್ತಾಳೆ, ಚಿಗುರೀತು ಅಂತ. ಇಲ್ಲಿ ವೇಷ ಹಾಕಿದ್ದು ಪಟ್ಟಕ್ಕಲ್ಲ, ರೊಟ್ಟಿಗೆ. ಸಿಕ್ಕಿಬಿದ್ದವಳಿಗೆ ಯುದ್ಧವಿಲ್ಲ, ಜಯಘೋಷವಿಲ್ಲ. ಮುದುಕ ಮುಲ್ಲಾನ ಮನೆ, ಅವನ ಬೀಗ.

ಕಡಲೆಕಾಯಿ ಹೊಲದಲ್ಲಿ ಹೆಣ್ಣಾಳಿಗೊಂದು, ಗಂಡಾಳಿಗೊಂದು ಕೂಲಿ ಎಣಿಸಿಕೊಡೋ ನಮಗೆ ಈ ಎರಡನೇ ಸಿನಿಮಾಕ್ಕೆ ಟಿಪ್ಪಣಿ ಬೇಕಿಲ್ಲ. ಮೇಷ್ಟ್ರುಗಳು ಶಾಲೆಯ ದೊಡ್ಡ ಮಕ್ಕಳಿಗೆ ತೋರಿಸೋದಾದರೆ ಎರಡನ್ನೂ ತೋರಿಸಿ, ಮೊದಲು ರುದ್ರಮದೇವಿ. ಆಮೇಲೆ ಹುಡುಗೀರನ್ನಲ್ಲ, ಹುಡುಗರನ್ನ ಕೇಳಿ: ಮುಕ್ತಾಂಬೆ ಆ ರಾತ್ರಿ ಏನು ಅಂದುಕೊಂಡಿದ್ದಾಳು?