ಪುಸ್ತಕದ ಪಕ್ಕದಲ್ಲಿ ನಿಂತ ಗೌಂಡಿ

1866ರಲ್ಲಿ ಲಂಡನ್ನಿನ ಜಾನ್ ಮರ್ರೆ ಪ್ರಕಾಶನದಿಂದ ಧಾರವಾಡ ಮತ್ತು ಮೈಸೂರು ಸೀಮೆಯ ವಾಸ್ತುಶಿಲ್ಪವನ್ನು ಕುರಿತು ಒಂದು ಇಂಗ್ಲಿಷ್ ಪುಸ್ತಕ ಬಂತು. ಡಾ. ಪಿಗೌ, ನೀಲ್, ಕರ್ನಲ್ ಬಿಗ್ಸ್ ತೆಗೆದ ಛಾಯಾಚಿತ್ರಗಳು ಅದರ ಜೀವಾಳ. ಬರವಣಿಗೆಯನ್ನು ಇಬ್ಬರು ಹಂಚಿಕೊಂಡಿದ್ದರು: ಇತಿಹಾಸದ ಭಾಗ ಮೆಡೋಸ್ ಟೇಲರನದು, ಕಟ್ಟಡಗಳ ಮೇಲಿನ ಟಿಪ್ಪಣಿ ಜೇಮ್ಸ್ ಫರ್ಗುಸನ್ನನದು. ನಮ್ಮ ಸುರಪುರದವರಿಗೆ ಈ ಹಂಚಿಕೆ ತಲೆಕೆಳಗಾಗಿ ಕಂಡರೆ ಆಶ್ಚರ್ಯವಿಲ್ಲ. 1841ರಿಂದ ಹನ್ನೆರಡು ವರ್ಷ ಅಧಿಕಾರಿಯಾಗಿ ಸುರಪುರದಲ್ಲಿದ್ದ ಟೇಲರ್ ಗುಡ್ಡದ ಮೇಲೆ ಬಂಗಲೆ ಕಟ್ಟಿಸಿದವನು. ಊರವರು ಅದನ್ನು ಇಂದಿಗೂ ಟೇಲರ್ ಮಂಜಿಲ್ ಎನ್ನುತ್ತಾರೆ. ನಾಯಕ ಅರಸರ ಕಾಲದ ಬೋನಾಳ ಕೆರೆಯನ್ನು ಹಿಗ್ಗಿಸಿದವನೂ ಅವನೇ. ಕಲ್ಲು, ಮಣ್ಣು, ಗಾರೆ, ಕೂಲಿ ಎಲ್ಲವನ್ನೂ ಬಲ್ಲ ಆತ ಪುಸ್ತಕದಲ್ಲಿ ರಾಜರ ಕಥೆ ಹೇಳಿದ. ನೀಲಿ ವ್ಯಾಪಾರದಿಂದ ಬಂದ ಫರ್ಗುಸನ್ ಕಂಬ, ಶಿಖರಗಳ ಮೇಲೆ ತೀರ್ಪು ಕೊಟ್ಟ.

ಕಟ್ಟಿದವನು ಸುಮ್ಮನಾಗಿ ನೋಡಿದವನು ಮಾತಾಡುವ ಈ ಏರ್ಪಾಡು ಆಧುನಿಕ ವಾಸ್ತುಗ್ರಂಥದ ಗುಣವೂ ಹೌದು, ದೋಷವೂ ಹೌದು. ಅದನ್ನು ತೂಗಿ ನೋಡಲು ಹಳೆಯ ಶಾಸ್ತ್ರಗ್ರಂಥಗಳನ್ನು ಎದುರಿಗಿಟ್ಟುಕೊಳ್ಳಬೇಕು.

ಕನ್ನಡದಲ್ಲೇ ಒಂದು ಇದೆ. ಎರಡನೆಯ ಚಾವುಂಡರಾಯನ 'ಲೋಕೋಪಕಾರ', ಕಾಲ ಸುಮಾರು 1025. ಶಹಾಪುರ ತಾಲ್ಲೂಕಿನ ಶಿರವಾಳದ ಗುಡಿಗಳ ಸಾಲಿಗೆ ಕಲ್ಯಾಣ ಚಾಲುಕ್ಯರ ಕೆಲಸ ಸೇರಿದ ಯುಗ ಅದು. ಮನೆ ಕಟ್ಟುವುದು, ನೆಲದಡಿಯ ನೀರಿನ ಸೆಲೆ ಹುಡುಕುವುದು, ಗಿಡಮರ ಬೆಳೆಸುವುದು, ಅಡುಗೆ, ಸುಗಂಧ ಎಲ್ಲವೂ ಒಂದೇ ಹೊತ್ತಿಗೆಯಲ್ಲಿವೆ. ಮನೆ ಎಂದರೆ ಬರಿಯ ಗೋಡೆಯಲ್ಲ, ಬಾವಿ, ತೋಟ, ಒಲೆ ಸೇರಿದ ಸಂಸಾರ ಎಂಬ ತಿಳಿವಳಿಕೆ ಆ ಜೋಡಣೆಯಲ್ಲೇ ಇದೆ. ಮನೆಯ ನಕ್ಷೆಗೊಬ್ಬ, ಬೋರಿಗೊಬ್ಬ, ಗಿಡಕ್ಕೊಬ್ಬ ಎಂದು ಹಂಚಿಹೋದ ಇಂದಿನ ವಿದ್ಯೆಗೆ ಈ ಸಮಗ್ರತೆ ಇಲ್ಲ.

ಆದರೆ ಹಳೆಯದೆಂಬ ಕಾರಣಕ್ಕೆ ಕೈಮುಗಿಯುವುದು ವಿಮರ್ಶೆಯಲ್ಲ. ಶಾಸ್ತ್ರಗ್ರಂಥಗಳು ಹೇಳುವ ಮಣ್ಣಿನ ಪರೀಕ್ಷೆಯನ್ನೇ ನೋಡಿ. ಒಂದು ಮೊಳದ ತಗ್ಗು ತೆಗೆದು ಅದೇ ಮಣ್ಣನ್ನು ತಿರುಗಿ ತುಂಬಬೇಕು. ಮಣ್ಣು ಮಿಕ್ಕರೆ ನೆಲ ಉತ್ತಮ, ಸರಿಹೋದರೆ ಮಧ್ಯಮ, ಸಾಲದಿದ್ದರೆ ಕೆಟ್ಟದ್ದು. ಒತ್ತಾಗಿ ಕೂತ ಮಣ್ಣು ಅಗೆದಾಗ ಉಬ್ಬುತ್ತದೆ, ಸಡಿಲ ಮಣ್ಣು ತುಂಬಿದಾಗ ಕುಸಿಯುತ್ತದೆ. ಸಲಕರಣೆಯಿಲ್ಲದೆ ನೆಲದ ಬಿಗಿ ಅಳೆಯುವ ಈ ಉಪಾಯ ಜಾಣತನದ್ದೇ. ಆದರೆ ನಮ್ಮ ಎರೆ ಹೊಲದಲ್ಲಿ ಇದು ಮೋಸ ಹೋಗುತ್ತದೆ. ಬೇಸಿಗೆಯಲ್ಲಿ ಕಲ್ಲಿನಂತಾಗುವ ಎರೆಮಣ್ಣಿನ ಹೆಂಟೆ ತಗ್ಗಿಗೆ ಮಿಕ್ಕೀತು, ನೆಲ 'ಉತ್ತಮ' ಎನಿಸೀತು. ಮಳೆ ಬಿದ್ದ ಮೇಲೆ ಅದೇ ಮಣ್ಣು ನೀರು ಕುಡಿದು ಹಿಗ್ಗಿ ಗೋಡೆ ಸೀಳುತ್ತದೆ. ಇಲ್ಲಿನ ಗೌಂಡಿಗೆ ಇದು ಗೊತ್ತು: ಎರೆ ತೆಗೆದು, ಗಟ್ಟಿ ನೆಲ ಸಿಗುವತನಕ ಪಾಯಾ ಅಗೆದು, ಗರಸು ತುಂಬಿ ಬಡಿಯುತ್ತಾನೆ. ಈ ಮಣ್ಣಿಗಾಗಿಯೇ ರೂರ್ಕಿಯ ಕೇಂದ್ರೀಯ ಕಟ್ಟಡ ಸಂಶೋಧನಾ ಸಂಸ್ಥೆ ಬುಡದಲ್ಲಿ ಗಡ್ಡೆಯಂತೆ ಉಬ್ಬಿದ ಕಾಂಕ್ರೀಟ್ ಪೈಲನ್ನು ರೂಪಿಸಿತು. ಹಿಗ್ಗಿ ಕುಗ್ಗುವ ಪದರದ ಕೆಳಗೆ ಆ ಗಡ್ಡೆ ಬಿಗಿಯಾಗಿ ಕೂರುತ್ತದೆ. ಈ ಒಂದು ವಿಷಯದಲ್ಲಿ ಹೊಸ ಪುಸ್ತಕಕ್ಕೇ ಪೂರ್ತಿ ಅಂಕ.

ಮನೆಯ ಉದ್ದಗಲದಿಂದ ಶುಭಾಶುಭ ನೋಡುವ ಆಯದ ಲೆಕ್ಕ ಇನ್ನೊಂದು. ಪದ್ಧತಿಗಳಲ್ಲಿ ಗಣಿತ ತುಸು ಬೇರೆಯಾದರೂ ಕೊನೆಗೆ ಎಂಟರಿಂದ ಭಾಗಿಸಿ ಶೇಷ ನೋಡುತ್ತಾರೆ. ಒಂದು ಉಳಿದರೆ ಧ್ವಜ, ಮೂರು ಸಿಂಹ, ಐದು ವೃಷಭ, ಏಳು ಗಜ: ಇವು ಶುಭ. ಸಮಸಂಖ್ಯೆ ಬಂದರೆ ಹೊಗೆ, ನಾಯಿ, ಕತ್ತೆ, ಕಾಗೆ. ಕತ್ತೆಯ ಶೇಷ ಬಂದ ಮನೆ ಕುಸಿಯುತ್ತದೆ ಎನ್ನುವುದಕ್ಕೆ ಯಾವ ಆಧಾರವೂ ಇಲ್ಲ. ಆದರೂ ಮೊದಲ ಕಲ್ಲಿಡುವ ಮುನ್ನವೇ ಉದ್ದಗಲ ಅಂಗುಲದವರೆಗೆ ನಿರ್ಧಾರವಾಗಲೇಬೇಕು ಎಂಬ ಶಿಸ್ತನ್ನು ಅದು ಹೇರುತ್ತಿತ್ತು. ನಕ್ಷೆಯ ಕಾಗದವಿಲ್ಲದ ಕಾಲದಲ್ಲಿ ಅದು ಸಣ್ಣ ಲಾಭವಲ್ಲ.

ಕ್ಷಮಿಸಲಾಗದ್ದು ಬೇರೆ ಇದೆ. ವರಾಹಮಿಹಿರನ 'ಬೃಹತ್ಸಂಹಿತೆ' ಮನೆಯ ಅಗಲವನ್ನು ಬ್ರಾಹ್ಮಣನಿಗೆ 32 ಮೊಳದಿಂದ ಶುರುಮಾಡಿ, ವರ್ಣ ಇಳಿದಂತೆ ನಾಲ್ಕು ನಾಲ್ಕು ಮೊಳ ಕತ್ತರಿಸುತ್ತದೆ. ಇದು ಕಟ್ಟಡದ ವಿದ್ಯೆಯಲ್ಲ, ಮೊಳಕೋಲಿನಿಂದ ಮನುಷ್ಯನನ್ನು ಅಳೆದ ಲೆಕ್ಕ. ಅದಕ್ಕೆ ಉತ್ತರ ಬೇಕಾದವರು ಸುರಪುರದ ಅರಮನೆಗಳ ಮುಂದೆ ನಿಲ್ಲಲಿ. ಔರಂಗಜೇಬನನ್ನೇ 1705ರಲ್ಲಿ ವಾಗಣಗೇರಿ ಕೋಟೆಯ ಮುಂದೆ ತಡೆದು ನಿಲ್ಲಿಸಿದ, ಆ ಅರಮನೆಗಳ ಒಡೆಯರಾದ ಬೇಡ ನಾಯಕರ ಮನೆತನಕ್ಕೆ ಯಾವ ಶ್ಲೋಕದ ಮೊಳಕೋಲೂ ಸಾಲುವುದಿಲ್ಲ.

ಹಾಗಾದರೆ ಇಂಥ ಗ್ರಂಥಗಳನ್ನು ನೆಚ್ಚಿ ಗುಡಿಗಳು ಎದ್ದದ್ದು ಹೇಗೆ? ಗುಟ್ಟು ಹೇಳಿದವರು ಬೆಂಗಳೂರಿನಲ್ಲಿ ನ್ಯಾಯಾಧೀಶರಾಗಿದ್ದ ರಾಮ್ ರಾಜ್. ಹಿಂದೂ ವಾಸ್ತುವಿನ ಮೇಲೆ ಅವರು ಬರೆದ ಪ್ರಬಂಧ 48 ಚಿತ್ರಫಲಕಗಳೊಡನೆ 1834ರಲ್ಲಿ ಲಂಡನ್ನಿನಲ್ಲಿ ಅಚ್ಚಾಯಿತು. 'ಮಾನಸಾರ', 'ಮಯಮತ' ಎಂಬ ಶಾಸ್ತ್ರಗ್ರಂಥಗಳ ಪದಗಳನ್ನು ಬಿಡಿಸಲು ಅವರಿಗೆ ಪಂಡಿತರ ಸಂಸ್ಕೃತ ಸಾಕಾಗಲಿಲ್ಲ, ಕಸುಬಿನ ಶಿಲ್ಪಿಯ ನೆರವು ಬೇಕಾಯಿತು. ಶಾಸ್ತ್ರದ ಪದ್ಯ ಓದುಗನಿಗೆ ಬರೆದದ್ದಲ್ಲ. ಬಲ್ಲವನ ನೆನಪಿಗೆ ಬರೆದದ್ದು. ಪಕ್ಕದಲ್ಲಿ ಉಳಿ ಹಿಡಿದವನಿದ್ದಾನೆ, ಉಳಿದದ್ದನ್ನು ಅವನ ಕೈ ತುಂಬಿಕೊಡುತ್ತದೆ ಎಂಬ ನಂಬಿಕೆಯಲ್ಲೇ ಅದು ಅರ್ಧ ಹೇಳಿ ಅರ್ಧ ಬಿಡುತ್ತದೆ. ಎರೆನೆಲದ ಮಾತು ಗ್ರಂಥದಲ್ಲಿ ಇಲ್ಲದಿದ್ದರೂ ಗೋಡೆ ನಿಂತದ್ದು ಆ ಕೈಯಿಂದ.

ಹೊಸ ಪುಸ್ತಕದ ಪಕ್ಕದಲ್ಲಿ ಯಾರೂ ಇಲ್ಲ. ಅದಕ್ಕೇ ಅದು ಎಲ್ಲವನ್ನೂ ಹೇಳಬೇಕು: ಅಳತೆಯ ನಕ್ಷೆ, ಚಿತ್ರ, ಕಾಲಗಣನೆ. ಫರ್ಗುಸನ್ 'ಚಾಲುಕ್ಯ ಶೈಲಿ' ಎಂದು ಹೆಸರಿಟ್ಟದ್ದನ್ನೇ ಮುಂದಿನವರು ಹಿಡಿದರು. ಹೆನ್ರಿ ಕಸಿನ್ಸ್ 1926ರಲ್ಲಿ ಕನ್ನಡ ಜಿಲ್ಲೆಗಳ ಚಾಲುಕ್ಯ ವಾಸ್ತುವನ್ನು ದಾಖಲಿಸಿದರು. ಅರಸರ ಹೆಸರಿನಲ್ಲಿ ಗುಡಿಗಳನ್ನು ವಿಂಗಡಿಸಿದ್ದರಿಂದ ಕಟ್ಟಿದವರು ಮರೆಯಾದರು. ಈ ತಪ್ಪನ್ನು ತಿದ್ದಲು ಹೊರಟವರಲ್ಲಿ ಎಂ.ಎ. ಢಾಕಿ ಮುಖ್ಯರು. 1977ರ ಅವರ ಪುಸ್ತಕ ಕರ್ನಾಟಕದ ಶಾಸನಗಳತ್ತ ತಿರುಗಿ, ನಾಗರ, ಕಳಿಂಗ, ದ್ರಾವಿಡ, ವೇಸರ ಎಂಬ ಗುಡಿಬಗೆಗಳ ಹೆಸರುಗಳು ಇಲ್ಲಿನ ಶಿಲ್ಪಿಗಳ ಲೋಕದಲ್ಲೇ ಇದ್ದವೆಂದು ಹೊಳಲಿನಂಥ ಶಾಸನಗಳಿಂದ ತೋರಿಸಿತು. ಆಡಂ ಹಾರ್ಡಿ 1995ರಲ್ಲಿ 'ಕರ್ಣಾಟ ದ್ರಾವಿಡ' ಪರಂಪರೆಯನ್ನು ರೇಖಾಚಿತ್ರಗಳಲ್ಲಿ ಬಿಡಿಸಿ, ದೊಡ್ಡ ಗುಡಿಯ ಮೈಯಿಂದ ಪುಟ್ಟ ಗುಡಿಗಳು ಮೊಳೆಯುವ ತರ್ಕವನ್ನು ಕಾಣಿಸಿದರು. ಶಿರವಾಳದ ಗೋಡೆಯ ಮುಂದೆ ನಿಂತವನ ಕಣ್ಣನ್ನು ಹಾರ್ಡಿಯವರ ಗೆರೆಗಳು ಯಾವ ಶ್ಲೋಕಕ್ಕಿಂತಲೂ ಹೆಚ್ಚು ತೆರೆಸುತ್ತವೆ. ಆದರೆ ಅವರೂ ಮುಗಿದ ಗುಡಿಯನ್ನು ಓದಿದವರು. ಕಲ್ಲು ಮೇಲೇರಿಸಿದವನಿಗೆ ಆ ಪುಟಗಳಲ್ಲಿ ಜಾಗ ಕಡಿಮೆ.

ಹಳೆಯ ಶಾಸ್ತ್ರ, ಹೊಸ ಪುಸ್ತಕ ಎರಡರ ದೋಷಗಳನ್ನೂ ಒಂದೇ ಕಡೆ ಕಾಣಬೇಕಾದರೆ ಬಸ್ ನಿಲ್ದಾಣದ ವಾಸ್ತು ಪುಸ್ತಕ ತೆರೆಯಿರಿ. ಆಯವಿದೆ, ಮೂಲೆಯ ದೋಷವಿದೆ, ಭಯವಿದೆ. ಶಿಲ್ಪಿ ಇಲ್ಲ, ಮಣ್ಣೂ ಇಲ್ಲ. ಶಾಸ್ತ್ರದ ಅರ್ಧ ಮಾತನ್ನು ಅದು ಪೂರ್ತಿ ಮಾತೆಂದು ಮಾರುತ್ತದೆ. ಅದನ್ನು ಹಿಡಿದು ಒಳ್ಳೆಯ ಬೆಳಕಿಂಡಿ ಮುಚ್ಚಿಸುವ, ನಿಂತ ಗೋಡೆ ಒಡೆಸುವ ಮನೆಯೊಡೆಯನಿಗೆ ಗೌಂಡಿ ಏನು ಹೇಳಿಯಾನು? ಕೂಲಿ ಎಣಿಸಿಕೊಂಡು ಸುಮ್ಮನಾಗುತ್ತಾನೆ.

ಮಣ್ಣಿನ ಮಾಳಿಗೆಗೆ ಇಳಿಜಾರು ಎಷ್ಟಿರಬೇಕು, ಜಂತಿಗಳ ನಡುವೆ ಎಷ್ಟು ಅಂತರ, ಯಾವ ಗುಡ್ಡದ ಕಲ್ಲು ಸೀಳಿದರೆ ನೇರ ಬರುತ್ತದೆ, ಹಗೇವಿನೊಳಗೆ ಜೋಳ ಕೆಡದಂತೆ ಕಾಯುವುದು ಹೇಗೆ: ಇದನ್ನು ಬಲ್ಲವರು ತಿಂಥಣಿಯ ಮೌನೇಶ್ವರನಿಗೆ ನಡೆದುಕೊಳ್ಳುವ ವಿಶ್ವಕರ್ಮರ ಮನೆಗಳಲ್ಲಿ, ಗೌಂಡಿ, ಬಡಿಗರ ಕೇರಿಗಳಲ್ಲಿ ಇನ್ನೂ ಇದ್ದಾರೆ. ನಮಗೆ ಬೇಕಾದ ಪುಸ್ತಕ 'ಲೋಕೋಪಕಾರ'ದ ಹಾಗೆ ಬಾವಿ, ಒಲೆಗಳನ್ನೂ ಒಳಗೊಂಡದ್ದು, ಹಾರ್ಡಿಯವರ ಹಾಗೆ ಗೆರೆ ಎಳೆದು ತೋರಿಸುವಂಥದ್ದು. ಗೌಂಡಿಯ ಮುಂದೆ ಓದಿದರೆ ಅವನು ನಡುವೆ ತಡೆದು "ಹಂಗಲ್ರೀ, ಇದು ಹಿಂಗ" ಎನ್ನುವಂತಿರಬೇಕು.

1866ರ ಪುಸ್ತಕದ ಸೀಮೆಯೊಳಗೆ ಸುರಪುರ ಇರಲಿಲ್ಲ, ನಿಜ. ಆದರೂ ಬೋನಾಳದ ಏರಿ ಬಲ್ಲ ಟೇಲರ್ ಟಿಪ್ಪಣಿ ಬರೆದು, ಫರ್ಗುಸನ್ ಪಕ್ಕದಲ್ಲಿ ಕೂತು ಕೇಳಿದ್ದರೆ, ನಮ್ಮ ಗುಡಿಗಳ ವಿಚಾರ ಅರಸರ ಹೆಸರಿನಿಂದಲ್ಲ, ಕಲ್ಲಿನಿಂದಲೇ ಶುರುವಾಗುತ್ತಿತ್ತೇನೋ.